ಫಾರ್ಮಸಿಸ್ಟ್ ಆಗೋದು ಹೇಗೆ, ಆದ ಮೇಲೆ ಕೆಲಸ ಹೇಗಿರುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಜಿಲ್ಲೆಯ ಒಂದು ತಾಲೂಕು ಊರಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ಅದಕ್ಕೂ ಮುಂಚೆ ಕೆಲವು ವರ್ಷ ಆಸ್ಪತ್ರೆಯ ಫಾರ್ಮಸಿಯಲ್ಲಿದ್ದೆ. ಪಿಯುಸಿ ರಿಸಲ್ಟ್ ಬಂದ ವಾರ ನಮ್ಮ ಕೌಂಟರ್ ಮುಂದೆ ಔಷಧಿಗೆ ಬಂದವರ ಜೊತೆ ಮಕ್ಕಳ ಓದಿನ ಬಗ್ಗೆ ಕೇಳುವ ಅಪ್ಪ ಅಮ್ಮಂದಿರೂ ನಿಂತಿರುತ್ತಾರೆ. ಓದುತ್ತಿರುವ ಹುಡುಗ ಹುಡುಗಿಯರು ಪತ್ರ ಬರೆಯುತ್ತಾರೆ, ಫೋನ್ ಮಾಡುತ್ತಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಅವರ ಮಾತಲ್ಲೇ ಇಲ್ಲಿಟ್ಟಿದ್ದೇನೆ. ಮೊದಲು ಸೇರಬೇಕು ಎನ್ನುವವರದ್ದು, ಆಮೇಲೆ ಕೆಲಸದಲ್ಲಿರುವವರದ್ದು. ನಿಮಗೆ ಬೇಕಾದ್ದನ್ನಷ್ಟೇ ಓದಿದರೂ ಸಾಕು.

## ಸೇರುವ ಮುಂಚೆ

ಫಾರ್ಮಸಿಸ್ಟ್ ಅಂದ್ರೆ ಚೀಟಿ ನೋಡಿ ಮಾತ್ರೆ ಎತ್ತಿ ಕೊಡೋರು ತಾನೇ? ಅದಕ್ಕೆ ಅಷ್ಟು ವರ್ಷ ಓದು ಯಾಕೆ?

ಎತ್ತಿ ಕೊಡುವುದು ಕೆಲಸದ ಸಣ್ಣ ಭಾಗ. ಕೊಡುವ ಮುಂಚೆ ಒಂದು ಗಳಿಗೆ ನಿಂತು ಕೇಳುವುದು ದೊಡ್ಡ ಭಾಗ. ಔಷಧಿ ಕಾರ್ಖಾನೆಯಿಂದ ಹೊರಟು ರೋಗಿಯ ಬಾಯಿ ಸೇರುವ ತನಕ ಎಷ್ಟೋ ಕೈ ದಾಟುತ್ತದೆ. ಕೊನೆಯ ಕೈ ನಮ್ಮದು. ನಮ್ಮಿಂದ ಆಚೆ ಹೋದ ಮೇಲೆ ತಪ್ಪು ಹಿಡಿಯುವವರು ಯಾರೂ ಇಲ್ಲ.

ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಇದೆ. ಸಂಧಿವಾತಕ್ಕೆ ಕೊಡುತ್ತಾರೆ. ಇದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಬಾಯಿ ತುಂಬ ಹುಣ್ಣಾಗುತ್ತದೆ, ಮೂಳೆಯೊಳಗೆ ರಕ್ತಕಣ ಹುಟ್ಟುವುದು ಕಮ್ಮಿಯಾಗುತ್ತದೆ, ಪ್ರಾಣಕ್ಕೇ ಕುತ್ತು ಬರಬಹುದು. ಒಬ್ಬ ಅಜ್ಜಿ ಈ ಚೀಟಿ ಹಿಡಿದುಕೊಂಡು ಬಂದಿದ್ದರು. ಅದರಲ್ಲಿ ವಾರಕ್ಕೊಂದು ಎಂದು ಸರಿಯಾಗೇ ಬರೆದಿತ್ತು. ಆದರೂ "ಹೆಂಗೆ ತಗೋತೀರಜ್ಜಿ?" ಎಂದು ಕೇಳಿದೆ. "ಉಂಡಾದ್ಮೇಲೆ ದಿನಾ ಒಂದು, ಅಲ್ವೇನವ್ವಾ?" ಅಂದರು. ಅವರಿಗೆ ಓದು ಬರದು, ಕವರ್ ಮೇಲೆ ಬರೆದು ಪ್ರಯೋಜನವಿಲ್ಲ. ಯಾವ ದಿನ ಎಂದು ಡಾಕ್ಟರು ಬರೆದಿರಲಿಲ್ಲ. "ನಿಮ್ಮೂರ ಸಂತೆ ಯಾವತ್ತು?" ಅಂದೆ. "ಗುರುವಾರ." "ಹಾಗಾದ್ರೆ ಸಂತೆ ದಿನ ರಾತ್ರಿ ಮಾತ್ರ. ಸಂತೆ ಇಲ್ಲದ ದಿನ ಇದನ್ನ ಮುಟ್ಟಬೇಡಿ." ಅದು ಅವರಿಗೆ ನೆನಪಿರುತ್ತದೆ. ಮಾತ್ರೆ ಎತ್ತಿ ಕೊಡಲು ಓದು ಬೇಕಿಲ್ಲ, ನಿಜ. ಯಾವ ಮಾತ್ರೆಗೆ ಈ ಪ್ರಶ್ನೆ ಕೇಳಲೇಬೇಕು ಎಂದು ಗೊತ್ತಾಗುವುದು ಓದಿನಿಂದ.

ಪಿಯುಸಿಯಲ್ಲಿ ಏನು ಓದಿರಬೇಕು? ನಮ್ಮ ಹುಡುಗಿ ಕಾಮರ್ಸ್ ತಗೊಂಡಿದ್ದಾಳೆ, ಆಗುತ್ತಾ?

ಆಗುವುದಿಲ್ಲ. ಫಿಸಿಕ್ಸ್, ಕೆಮಿಸ್ಟ್ರಿ ಬೇಕೇ ಬೇಕು. ಅದರ ಜೊತೆ ಬಯಾಲಜಿ ಅಥವಾ ಮ್ಯಾಥ್ಸ್, ಎರಡರಲ್ಲಿ ಒಂದಿದ್ದರೆ ಸಾಕು. ಬಯಾಲಜಿ ಇಲ್ಲದವರಿಗೆ ಬಾಗಿಲು ಮುಚ್ಚಿದೆ ಅಂದುಕೊಂಡು ಎಷ್ಟೋ ಮಕ್ಕಳು ಸುಮ್ನೆ ಬಿಟ್ಟುಬಿಡುತ್ತಾರೆ. ಹಾಗೇನಿಲ್ಲ.

ಡಿ.ಫಾರ್ಮ್ ಎಂಬ ಫಾರ್ಮಸಿ ಡಿಪ್ಲೊಮಾಗೆ ಈ ವಿಷಯಗಳಲ್ಲಿ ಪಿಯುಸಿ ಪಾಸಾಗಿದ್ದರೆ ಅರ್ಹತೆ ಇದೆ. ಬಿ.ಫಾರ್ಮ್ ಡಿಗ್ರಿಗೆ ಮತ್ತು ಅದಕ್ಕಿಂತ ಉದ್ದದ ಫಾರ್ಮ್.ಡಿ ಕೋರ್ಸಿಗೆ ಕರ್ನಾಟಕದಲ್ಲಿ ಸಿಇಟಿ ಬರೆಯಬೇಕು. ಸಿಇಟಿ ಸೀಟಿಗೆ ಆ ಮೂರು ವಿಷಯಗಳಲ್ಲಿ ಒಟ್ಟು 45 ಪರ್ಸೆಂಟ್, ಮೀಸಲಾತಿ ಇರುವವರಿಗೆ 40 ಪರ್ಸೆಂಟ್ ಕೇಳುತ್ತಾರೆ.

ಡಿ.ಫಾರ್ಮ್, ಬಿ.ಫಾರ್ಮ್, ಫಾರ್ಮ್.ಡಿ: ಮೂರರಲ್ಲಿ ಯಾವುದು ತಗೊಳ್ಳಲಿ?

ಡಿ.ಫಾರ್ಮ್ ಎರಡು ವರ್ಷ, ಜೊತೆಗೆ ಆಸ್ಪತ್ರೆಯಲ್ಲೋ ಔಷಧಿ ಅಂಗಡಿಯಲ್ಲೋ 500 ಗಂಟೆಯ ತರಬೇತಿ. ಮೆಡಿಕಲ್ ಶಾಪ್, ಆಸ್ಪತ್ರೆಯ ಫಾರ್ಮಸಿ, ಸರ್ಕಾರಿ ಆಸ್ಪತ್ರೆಯ ಹುದ್ದೆ ನಿಮ್ಮ ಗುರಿಯಾಗಿದ್ದರೆ ಇದು ಬೇಗ ತಲುಪಿಸುವ ದಾರಿ.

ಬಿ.ಫಾರ್ಮ್ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಔಷಧಿ ಕಂಪನಿಗಳಲ್ಲಿ ತಯಾರಿಕೆ, ಗುಣಮಟ್ಟ ಪರೀಕ್ಷೆ, ಡ್ರಗ್ಸ್ ಇನ್‌ಸ್ಪೆಕ್ಟರ್ ಹುದ್ದೆ, ಮುಂದೆ ಎಂ.ಫಾರ್ಮ್ ಎಂಬ ಮಾಸ್ಟರ್ ಡಿಗ್ರಿ ಎಲ್ಲಕ್ಕೂ ಇದು ಬೇಕು. ಡಿ.ಫಾರ್ಮ್ ಮುಗಿಸಿದವರು ಬಿ.ಫಾರ್ಮ್‌ನ ಎರಡನೇ ವರ್ಷಕ್ಕೆ ನೇರ ಸೇರಬಹುದು. ಮನೆಯಲ್ಲಿ ದುಡ್ಡಿನ ಕಷ್ಟ ಇದ್ದವರಿಗೆ ಈ ದಾರಿಯನ್ನೇ ಹೇಳುತ್ತೇನೆ. ಮೊದಲು ಡಿಪ್ಲೊಮಾ, ಕೈಗೆ ಒಂದು ಕೆಲಸ, ಆಮೇಲೆ ಡಿಗ್ರಿ.

ಫಾರ್ಮ್.ಡಿ ಆರು ವರ್ಷ. ಅದರಲ್ಲಿ ಕೊನೆಯ ಒಂದು ವರ್ಷ ಪೂರ್ತಿ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ನಮ್ಮ ದೇಶದಲ್ಲಿ ಈ ಕೋರ್ಸ್ 2008ರಲ್ಲಿ ಶುರುವಾಯಿತು. ವಾರ್ಡ್‌ನಲ್ಲಿ ಡಾಕ್ಟರ ಜೊತೆ ರೌಂಡ್ಸ್ ಹೋಗಿ, ಒಬ್ಬ ರೋಗಿಗೆ ಕೊಡುತ್ತಿರುವ ಔಷಧಿಗಳು ಒಂದಕ್ಕೊಂದು ಜಗಳ ಆಡುತ್ತಿವೆಯಾ, ಕಿಡ್ನಿ ಸರಿ ಇಲ್ಲದವರಿಗೆ ಡೋಸ್ ಕಮ್ಮಿ ಮಾಡಬೇಕಾ ಎಂದೆಲ್ಲ ನೋಡುವ ಓದು ಇದು. ಓದು ಬಹಳ ಒಳ್ಳೆಯದು. ಆದರೆ ಆ ಓದಿಗೆ ತಕ್ಕ ಹುದ್ದೆಗಳು ನಮ್ಮ ಸಣ್ಣ ಊರುಗಳ ಆಸ್ಪತ್ರೆಗಳಲ್ಲಿ ಇನ್ನೂ ಕಮ್ಮಿ. ಅದನ್ನು ತಿಳಿದುಕೊಂಡೇ ಸೇರಿ.

ನಾನು ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ. ಆ ಇಂಗ್ಲಿಷ್ ಹೆಸರುಗಳೆಲ್ಲ ತಲೆಗೆ ಹತ್ತುತ್ತಾ?

ಹತ್ತುತ್ತದೆ. ನಾನೂ ಕನ್ನಡ ಮೀಡಿಯಂನವಳೇ. ಮೊದಲ ಆರು ತಿಂಗಳು ಕಣ್ಣು ಕತ್ತಲೆ ಬಂದ ಹಾಗಿತ್ತು. ಪುಸ್ತಕ, ಪಾಠ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲೇ.

ನನಗೆ ದಾರಿ ಸಿಕ್ಕಿದ್ದು ಔಷಧಿ ಹೆಸರಿನ ಬಾಲ ಹಿಡಿದ ಮೇಲೆ. ಬ್ರ್ಯಾಂಡ್ ಹೆಸರು ಸಾವಿರಾರು ಇರುತ್ತವೆ, ಅವನ್ನು ಬಾಯಿಪಾಠ ಮಾಡಲು ಹೋಗಬೇಡಿ. ಒಳಗಿನ ಔಷಧಿಯ ಹೆಸರು ನೋಡಿ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್: "ಪ್ರಜೋಲ್" ಎಂದು ಮುಗಿದರೆ ಹೆಚ್ಚಾಗಿ ಹೊಟ್ಟೆಯ ಆ್ಯಸಿಡ್ ಕಮ್ಮಿ ಮಾಡುವಂಥದ್ದು. ಟೆಲ್ಮಿಸಾರ್ಟನ್, ಲೊಸಾರ್ಟನ್: "ಸಾರ್ಟನ್" ಬಂದರೆ ಬಿಪಿ. ಅಟೆನೊಲಾಲ್, ಮೆಟೊಪ್ರೊಲಾಲ್: "ಒಲಾಲ್" ಬಂದರೆ ಬಿಪಿ, ಹೃದಯದ ಬಡಿತ. ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್: ಕೊಲೆಸ್ಟ್ರಾಲ್. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್: ಶುಗರ್. ಹೀಗೆ ಒಂದು ಇಪ್ಪತ್ತು ಬಾಲ ಕಲಿತರೆ ಅಂಗಡಿಯ ಅರ್ಧ ಕಪಾಟು ಪರಿಚಯವಾದ ಹಾಗೆ.

ಇನ್ನೊಂದು ಮಾತು. ಕೆಲಸಕ್ಕೆ ಬಂದ ಮೇಲೆ ನಿಮ್ಮ ಕನ್ನಡವೇ ನಿಮ್ಮ ಬಲ. ಬಂದವರಿಗೆ ಅರ್ಥ ಆಗುವ ಹಾಗೆ ಹೇಳುವುದು ಅದರಲ್ಲೇ ಅಲ್ವಾ?

ಕಾಲೇಜು ಆರಿಸುವಾಗ ಏನು ನೋಡಬೇಕು?

ಮೊದಲು ಒಂದೇ ವಿಷಯ: ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾದ ಮಾನ್ಯತೆ ಇದೆಯಾ? ಇದು 1948ರ ಫಾರ್ಮಸಿ ಕಾಯ್ದೆಯ ಅಡಿಯಲ್ಲಿ ಬಂದ ಸಂಸ್ಥೆ. ಬಿ.ಫಾರ್ಮ್‌ಗೆ ಮಾನ್ಯತೆ ಇರುವ ಕಾಲೇಜಿನಲ್ಲಿ ಡಿ.ಫಾರ್ಮ್‌ಗೆ ಇಲ್ಲದೆಯೂ ಇರಬಹುದು. ಮಾನ್ಯತೆ ಇಲ್ಲದ ಕಡೆ ಓದಿದರೆ ಫಾರ್ಮಸಿಸ್ಟ್ ಆಗಿ ರಿಜಿಸ್ಟ್ರೇಷನ್ ಸಿಗುವುದಿಲ್ಲ. ರಿಜಿಸ್ಟ್ರೇಷನ್ ಇಲ್ಲದ ಸರ್ಟಿಫಿಕೇಟ್ ಹಿಡಿದು ಔಷಧಿ ಕೊಡುವ ಹಾಗಿಲ್ಲ.

ಆಮೇಲೆ ಲ್ಯಾಬ್‌ಗೆ ಹೋಗಿ ನೋಡಿ. ಬೀಕರ್‌ಗಳ ಮೇಲೆ ಧೂಳು ಕೂತಿದೆಯಾ, ಮಕ್ಕಳು ಕೆಲಸ ಮಾಡುತ್ತಿದ್ದಾರಾ? "ಕ್ಲಾಸಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದ್ರೆ ಸಾಕು" ಎನ್ನುವ ಕಾಲೇಜಿಗೆ ದಯವಿಟ್ಟು ಸೇರಬೇಡಿ. ಹಾಗೆ ಪಾಸಾಗಿ ಬಂದ ಹುಡುಗನೊಬ್ಬ ನಮ್ಮ ಅಂಗಡಿಗೆ ಕೆಲಸ ಕೇಳಿಕೊಂಡು ಬಂದಿದ್ದ. ಒಳ್ಳೆಯ ಹುಡುಗ. ಆದರೆ ಇನ್ಸುಲಿನ್ ಬಾಟಲಿಯನ್ನು ಫ್ರೀಜರ್‌ನಲ್ಲಿ ಇಡಲು ಹೋದ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬರುವುದಿಲ್ಲ. ತಪ್ಪು ಅವನದ್ದಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಡಿ.ಫಾರ್ಮ್ ಪಾಸಾದ್ರೆ ಸಾಕಲ್ವಾ? ಎಕ್ಸಿಟ್ ಎಕ್ಸಾಮ್ ಅಂತಾರಲ್ಲ, ಅದೇನು?

ಡಿ.ಫಾರ್ಮ್ ಮುಗಿಸಿದವರು ರಿಜಿಸ್ಟರ್ ಆಗುವ ಮುಂಚೆ ಬರೆಯಬೇಕಾದ ಪರೀಕ್ಷೆ. 2022ರಲ್ಲಿ ನಿಯಮ ಬಂತು. ಮೊದಲ ಪರೀಕ್ಷೆ ನಡೆದದ್ದು 2024ರ ಅಕ್ಟೋಬರ್‌ನಲ್ಲಿ. ಮೂರು ಪೇಪರ್, ಪ್ರತಿಯೊಂದರಲ್ಲೂ 50 ಪರ್ಸೆಂಟ್ ಬರಬೇಕು. ಎರಡು ವರ್ಷ ಓದಿದ್ದೇ ಬರುತ್ತದೆ. ಅರ್ಥ ಮಾಡಿಕೊಂಡು ಓದಿದವರಿಗೆ ಭಯ ಬೇಡ. ನಿಮ್ಮ ಬ್ಯಾಚಿಗೆ ಇದು ಅನ್ವಯವಾಗುತ್ತದಾ ಎಂದು ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲೇ ಕೇಳಿಕೊಳ್ಳಿ, ಬಾಯಿಮಾತು ನಂಬಬೇಡಿ.

ರಿಜಿಸ್ಟ್ರೇಷನ್ ಮಾಡಿಕೊಡುವುದೂ ಈ ರಾಜ್ಯ ಕೌನ್ಸಿಲ್ಲೇ. ಅದು ಬೆಂಗಳೂರಿನಲ್ಲಿದೆ. ರಿಜಿಸ್ಟ್ರೇಷನ್ ಆದ ಮೇಲೆ ರಿನ್ಯೂವಲ್ ಮರೆಯಬೇಡಿ.

## ಕೌಂಟರ್ ಹಿಂದೆ

ಒಂದು ದಿನ ಹೇಗಿರುತ್ತೆ? ಇಡೀ ದಿನ ನಿಂತೇ ಇರಬೇಕಾ?

ಹೆಚ್ಚು ಕಮ್ಮಿ ನಿಂತೇ ಇರಬೇಕು. ಒಳ್ಳೆಯ ಚಪ್ಪಲಿ ತಗೊಳ್ಳಿ, ಇದು ಅನುಭವದ ಮಾತು.

ಬೆಳಿಗ್ಗೆ ಶಟರ್ ಎತ್ತಿದ ತಕ್ಷಣ ಫ್ರಿಜ್ ಒಳಗಿನ ಥರ್ಮಾಮೀಟರ್ ನೋಡುತ್ತೇನೆ. 2ರಿಂದ 8 ಡಿಗ್ರಿ ಒಳಗಿರಬೇಕು. ಇನ್ಸುಲಿನ್, ಲಸಿಕೆಗಳೆಲ್ಲ ಅಲ್ಲೇ ಇರುತ್ತವೆ. ರಾತ್ರಿ ಕರೆಂಟ್ ಹೋಗಿದ್ದರೆ ಎಷ್ಟು ಹೊತ್ತು ಹೋಗಿತ್ತು ಎಂದು ಪಕ್ಕದ ಬೇಕರಿಯವರನ್ನು ಕೇಳಿ ಬರೆದಿಡುತ್ತೇನೆ. ಆಮೇಲೆ ಡಿಸ್ಟ್ರಿಬ್ಯೂಟರ್‌ನಿಂದ ಬಂದ ಬಾಕ್ಸ್ ಬಿಚ್ಚಿ ಬಿಲ್ಲಿನ ಜೊತೆ ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾಳೆ ನೋಡುವುದು. ಅವಧಿ ಬೇಗ ಮುಗಿಯುವಂಥದ್ದನ್ನು ಮುಂದೆ, ಹೊಸದನ್ನು ಹಿಂದೆ ಇಡುವುದು. ಅಂದಹಾಗೆ, ಎಕ್ಸ್‌ಪೈರಿ ಆಗಸ್ಟ್ ಎಂದಿದ್ದರೆ ಆಗಸ್ಟ್ ತಿಂಗಳ ಕೊನೆಯ ದಿನದ ತನಕ ಬಳಸಬಹುದು ಎಂದು ಅರ್ಥ. ಇದನ್ನು ದಿನಕ್ಕೆ ಒಬ್ಬರಾದರೂ ಕೇಳುತ್ತಾರೆ.

ಸ್ಟ್ರಿಪ್ ಕತ್ತರಿಸುವುದರಲ್ಲೂ ಒಂದು ಕ್ರಮ ಇದೆ. ಹತ್ತರಲ್ಲಿ ನಾಲ್ಕೇ ಕೊಡಿ ಎಂದರೆ ಹೆಸರು, ಬ್ಯಾಚ್, ಎಕ್ಸ್‌ಪೈರಿ ಅಚ್ಚಾಗಿರುವ ತುದಿಯನ್ನು ನಾವು ಉಳಿಸಿಕೊಂಡು ಇನ್ನೊಂದು ತುದಿಯಿಂದ ಕತ್ತರಿಸುತ್ತೇವೆ. ಕೊಟ್ಟ ತುಂಡಿನ ಮೇಲೆ ಹೆಸರೇ ಇಲ್ಲದಿದ್ದರೆ ಕವರ್ ಮೇಲೆ ಬರೆದುಕೊಡುವುದು ನಮ್ಮ ಜವಾಬ್ದಾರಿ. ಹತ್ತು ದಿನ ಬಿಟ್ಟು ಬೆಳ್ಳಿ ಬಣ್ಣದ ಒಂದು ತುಂಡು ತಂದು "ಇದೇ ಕೊಡಿ ಅಕ್ಕಾ" ಎಂದು ನಿಲ್ಲುವವರು ಎಷ್ಟು ಜನ! ಅದರ ಮೇಲೆ ಅರ್ಧ ಅಕ್ಷರವೂ ಇರುವುದಿಲ್ಲ.

ಡಾಕ್ಟರ ಅಕ್ಷರ ಓದೋದು ಹೇಗೆ ಕಲೀತೀರಿ?

ಅಭ್ಯಾಸದಿಂದ ಅರ್ಧ ಬರುತ್ತದೆ. ಉಳಿದರ್ಧ ಬರದಿದ್ದಾಗ ಊಹಿಸಬಾರದು. ಇದೊಂದು ನಿಯಮವನ್ನು ಹೊಸಬರಿಗೆ ಮೊದಲ ದಿನವೇ ಹೇಳುತ್ತೇನೆ.

ಒಂದೇ ಥರ ಕಾಣುವ, ಒಂದೇ ಥರ ಕೇಳುವ ಹೆಸರುಗಳು ಬಹಳ ಇವೆ. ಮೆಟ್‌ಫಾರ್ಮಿನ್ ಶುಗರ್‌ಗೆ, ಮೆಟ್ರೊನಿಡಜೋಲ್ ಭೇದಿಗೆ, ಸೋಂಕಿಗೆ. ಹೈಡ್ರಾಲಜಿನ್ ಬಿಪಿಗೆ, ಹೈಡ್ರಾಕ್ಸಿಜಿನ್ ತುರಿಕೆಗೆ. ಅವಸರದ ಅಕ್ಷರದಲ್ಲಿ ಇವು ಅಕ್ಕ ತಂಗಿಯರ ಹಾಗೆ ಕಾಣುತ್ತವೆ. ಆಗ ಎದುರಿಗಿರುವವರನ್ನೇ ಕೇಳಬೇಕು: "ಡಾಕ್ಟರಿಗೆ ಏನು ತೊಂದರೆ ಅಂತ ತೋರಿಸಿದ್ರಿ?" ತುರಿಕೆ ಎಂದರೆ ಉತ್ತರ ಸಿಕ್ಕಿತು. ಆಗಲೂ ಅನುಮಾನ ಉಳಿದರೆ ಡಾಕ್ಟರಿಗೆ ಫೋನ್. ಕೆಲವರು ರೇಗುತ್ತಾರೆ, ಹೆಚ್ಚಿನವರು ಹೇಳುತ್ತಾರೆ. ರೇಗಿಸಿಕೊಂಡರೂ ಪರವಾಗಿಲ್ಲ, ಕೇಳಿ.

ಬೇರೆ ಅಂಗಡಿಯಲ್ಲಿ ಚೀಟಿ ಇಲ್ದೆ ಕೊಡ್ತಾರೆ. ನೀವ್ಯಾಕೆ ಕೊಡಲ್ಲ?

ಶೆಡ್ಯೂಲ್ ಎಚ್ ಎಂಬ ಪಟ್ಟಿ ಇದೆ. ಅದರಲ್ಲಿರುವ ಔಷಧಿಯನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಸ್ಟ್ರಿಪ್ ಹಿಂದೆ ಎಚ್ಚರಿಕೆ ಅಚ್ಚಾಗಿರುತ್ತದೆ, ಹಲವಕ್ಕೆ ಉದ್ದಕ್ಕೆ ಕೆಂಪು ಗೆರೆಯೂ ಇರುತ್ತದೆ. 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1 ಎಂದು ಇನ್ನೂ ಬಿಗಿಯಾದ ಪಟ್ಟಿ ಬಂತು. ಮೇಲ್ಮಟ್ಟದ ಆ್ಯಂಟಿಬಯೋಟಿಕ್‌ಗಳು, ಟಿಬಿ ಮಾತ್ರೆಗಳು, ನಿದ್ದೆಗೆ, ಆತಂಕಕ್ಕೆ ಕೊಡುವ ಅಲ್ಪ್ರಜೋಲಾಮ್‌ನಂಥವು ಅದರಲ್ಲಿವೆ. ಇವನ್ನು ಕೊಟ್ಟಾಗ ಡಾಕ್ಟರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟೆವು ಎಲ್ಲ ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು.

ಕಾನೂನು ಒಂದು ಕಡೆ ಇರಲಿ. "ಹೋದ ಸಲ ಶೀತಕ್ಕೆ ಕೊಟ್ಟಿದ್ದ ಆ್ಯಂಟಿಬಯೋಟಿಕ್ ಎರಡು ದಿನಕ್ಕೆ ಕೊಡಿ" ಎಂದು ಬರುವವರಿಗೆ ನಾನು ಕೂರಿಸಿ ಹೇಳುತ್ತೇನೆ. ಶೀತ ಬರುವುದು ಹೆಚ್ಚಾಗಿ ವೈರಸ್ಸಿನಿಂದ, ಅದಕ್ಕೆ ಈ ಮಾತ್ರೆ ಕೆಲಸ ಮಾಡುವುದಿಲ್ಲ. ಮೈಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಮಾತ್ರ ಇದನ್ನು ಎದುರಿಸುವುದು ರೂಢಿಯಾಗುತ್ತದೆ. ನಾಳೆ ನ್ಯುಮೋನಿಯಾ ಬಂದಾಗ ಇದೇ ಮಾತ್ರೆ ಸೋಲಬಹುದು. ಕೆಲವರು ಬೇಜಾರಾಗಿ ಎದ್ದು ಹೋಗುತ್ತಾರೆ. ಗಿರಾಕಿ ಹೋದರು ಎಂದು ನನಗೂ ಬೇಜಾರಾಗುತ್ತದೆ. ಆದರೂ ಕೊಡುವುದಿಲ್ಲ.

ಡಾಕ್ಟರು ದುಬಾರಿ ಬ್ರ್ಯಾಂಡ್ ಬರೆದಿದ್ದಾರೆ. ಅದೇ ಔಷಧಿ ಕಮ್ಮಿ ಬೆಲೆಯದ್ದು ನೀವೇ ಬದಲಾಯಿಸಿ ಕೊಡಬಹುದಾ?

ಶೆಡ್ಯೂಲ್ ಎಚ್ ಔಷಧಿಯಾದರೆ ಡಾಕ್ಟರ ಒಪ್ಪಿಗೆ ಇಲ್ಲದೆ ಬದಲಾಯಿಸುವ ಅಧಿಕಾರ ನಮಗಿಲ್ಲ. ಒಳಗಿನ ಔಷಧಿ ಒಂದೇ ಆದರೂ ಇಲ್ಲ. ನೀವು ಮಾಡಬಹುದಾದ್ದು, ಚೀಟಿ ಬರೆಸುವಾಗಲೇ "ಜೆನೆರಿಕ್ ಹೆಸರು ಬರೆದುಕೊಡಿ ಸಾರ್" ಎಂದು ಕೇಳುವುದು. ಅಂದರೆ ಬ್ರ್ಯಾಂಡ್ ಬದಲು ಒಳಗಿನ ಔಷಧಿಯ ಹೆಸರು. ಆಗ ಜನೌಷಧಿ ಕೇಂದ್ರದಲ್ಲೂ ತಗೊಳ್ಳಬಹುದು, ಬಿಪಿ ಶುಗರ್ ಮಾತ್ರೆ ತಿಂಗಳು ತಿಂಗಳು ಕೊಳ್ಳುವವರಿಗೆ ಬಹಳ ಉಳಿತಾಯ. ನನ್ನ ವ್ಯಾಪಾರಕ್ಕೆ ಅದರಿಂದ ನಷ್ಟವೇ. ಆದರೆ ದುಡ್ಡಿಲ್ಲದೆ ಮಾತ್ರೆ ಅರ್ಧಕ್ಕೆ ನಿಲ್ಲಿಸುವವರನ್ನು ನೋಡಿದ್ದೇನೆ. ಅದಕ್ಕಿಂತ ಇದು ಎಷ್ಟೋ ಮೇಲು.

ನಿಮ್ಮಿಂದ ಯಾವತ್ತಾದ್ರೂ ತಪ್ಪಾಗಿದೆಯಾ?

ಆಗಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಸಂಜೆ ಏಳರ ಹೊತ್ತು, ಕೌಂಟರ್ ತುಂಬ ಜನ. ಎಂಟು ತಿಂಗಳ ಮಗುವಿಗೆ ಜ್ವರ. ಚೀಟಿಯಲ್ಲಿ ಪ್ಯಾರಾಸಿಟಮಾಲ್ ಸಿರಪ್, ಐದು ಎಂಎಲ್ ಎಂದಿತ್ತು. ನಾನು ಅವಸರದಲ್ಲಿ ಅದೇ ಹೆಸರಿನ ಡ್ರಾಪ್ಸ್ ಕೊಟ್ಟು, "ಐದು ಎಂಎಲ್ ಹಾಕಿ" ಎಂದೂ ಹೇಳಿ ಕಳಿಸಿದೆ.

ಸಿರಪ್‌ನಲ್ಲಿ ಐದು ಎಂಎಲ್‌ಗೆ 120 ಮಿಲಿಗ್ರಾಂ ಇರುತ್ತದೆ. ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100. ಅಂದರೆ ನಾನು ಹೇಳಿದ ಹಾಗೆ ಹಾಕಿದ್ದರೆ ಮಗುವಿಗೆ 500 ಮಿಲಿಗ್ರಾಂ ಹೋಗುತ್ತಿತ್ತು, ನಾಲ್ಕು ಪಟ್ಟು. ಮುಂದಿನ ಗಿರಾಕಿಗೆ ಬಿಲ್ ಮಾಡುವಾಗ ಕಪಾಟಿನಲ್ಲಿ ಸಿರಪ್ ಬಾಟಲಿಗಳ ಸಾಲು ಹಾಗೇ ಇರುವುದು ಕಣ್ಣಿಗೆ ಬಿತ್ತು. ಕೌಂಟರ್ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ. ಆ ತಾಯಿ ಇನ್ನೂ ಅಲ್ಲೇ ಇದ್ದರು, ಬಾಟಲಿಯ ಸೀಲ್ ಒಡೆದಿರಲಿಲ್ಲ. ಬದಲಾಯಿಸಿಕೊಟ್ಟು, ಆದದ್ದನ್ನು ಇದ್ದ ಹಾಗೆ ಹೇಳಿ, ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಆವತ್ತಿಂದ ಡ್ರಾಪ್ಸ್ ಒಂದು ಕಪಾಟು, ಸಿರಪ್ ಇನ್ನೊಂದು ಕಪಾಟು. ಮಕ್ಕಳ ಔಷಧಿ ಕೊಡುವಾಗ ಮಗುವಿನ ತೂಕ ಕೇಳುತ್ತೇನೆ, ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳದಲ್ಲಿ ಎಲ್ಲಿ ತನಕ ಎಂದು ಪೆನ್ನಿನಿಂದ ಗೆರೆ ಎಳೆದು ತೋರಿಸುತ್ತೇನೆ. ಶೀತದ ಸಿರಪ್‌ನಲ್ಲಿ ಕ್ಲೋರ್‌ಫೆನಿರಮೈನ್ ಜೊತೆ ಫಿನೈಲೆಫ್ರಿನ್ ಇದ್ದರೆ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೇಡ ಎಂದು 2023ರಲ್ಲಿ ಆದೇಶ ಬಂದಿದೆ. ಅದನ್ನೂ ಆಗಲೇ ನೋಡಿಬಿಡುತ್ತೇನೆ.

ಔಷಧಿ ಕೊಡುವಾಗ ಏನೇನು ಹೇಳಬೇಕು? ಎಲ್ಲ ಹೇಳ್ತಾ ಕೂತ್ರೆ ಕ್ಯೂ ಬೆಳೆಯುತ್ತಲ್ಲ?

ಎಲ್ಲರಿಗೂ ಎಲ್ಲವನ್ನೂ ಹೇಳಲು ಆಗುವುದಿಲ್ಲ. ಹೊಸದಾಗಿ ಶುರು ಮಾಡಿದ ಔಷಧಿ, ವಯಸ್ಸಾದವರು, ಮಕ್ಕಳು, ಬಸುರಿ ಬಾಣಂತಿಯರು: ಇಲ್ಲಿ ಎರಡು ನಿಮಿಷ ನಿಲ್ಲಿ. ಉಳಿದವರಿಗೆ ಒಂದೇ ವಾಕ್ಯ ಸಾಕು, ಆದರೆ ಸರಿಯಾದ ವಾಕ್ಯ.

ಥೈರಾಯ್ಡ್ ಮಾತ್ರೆಗೆ ಆ ವಾಕ್ಯ "ಕಾಫಿಗಿಂತ ಮುಂಚೆ". ನಮ್ಮ ಕಡೆ ಎದ್ದ ತಕ್ಷಣ ಕಾಫಿ ಬೇಕು. ಒಬ್ಬ ಟೀಚರಮ್ಮ ಮಾತ್ರೆಯನ್ನು ದಿನಾ ತಪ್ಪದೆ ಕಾಫಿಯ ಜೊತೆಗೇ ನುಂಗುತ್ತಿದ್ದರು. ರಿಪೋರ್ಟ್ ಮಾತ್ರ ಸರಿ ಹೋಗುತ್ತಿರಲಿಲ್ಲ, ಡೋಸ್ ಏರುತ್ತಲೇ ಇತ್ತು. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತಗೊಂಡು, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ ಎಂದೆ, ಡಾಕ್ಟರಿಗೂ ಈ ವಿಷಯ ಹೇಳಲು ಕಳಿಸಿದೆ. ಮುಂದಿನ ರಿಪೋರ್ಟ್ ತೋರಿಸಲು ಅವರೇ ಅಂಗಡಿಗೆ ಬಂದರು.

ರಕ್ತ ಕಮ್ಮಿ ಇರುವವರ ಕಬ್ಬಿಣದ ಮಾತ್ರೆಗೆ "ಟೀ ಜೊತೆ ಬೇಡ". ಓಆರ್‌ಎಸ್‌ನ ದೊಡ್ಡ ಪೊಟ್ಟಣಕ್ಕೆ "ಪೂರ್ತಿ ಪೊಟ್ಟಣ ಒಂದು ಲೀಟರ್ ನೀರಿಗೆ". ಒಂದೊಂದು ಚಮಚ ಲೋಟಕ್ಕೆ ಹಾಕಿ ಕಲಸುವವರೇ ಜಾಸ್ತಿ. ಇನ್‌ಹೇಲರ್ ಆದರೆ ಮಾತು ಸಾಲದು, ನಾನೇ ಖಾಲಿ ಇನ್‌ಹೇಲರ್ ಹಿಡಿದು ಮಾಡಿ ತೋರಿಸಿ, ಅವರಿಂದಲೂ ಮಾಡಿಸುತ್ತೇನೆ.

## ದುಡ್ಡು, ಲೈಸೆನ್ಸ್, ಮುಂದಿನ ದಾರಿ

ಸ್ವಂತ ಮೆಡಿಕಲ್ ಶಾಪ್ ಹಾಕೋಕೆ ಏನೇನು ಬೇಕು?

ಚಿಲ್ಲರೆ ಅಂಗಡಿಗೆ ಕಮ್ಮಿ ಅಂದರೆ 10 ಚದರ ಮೀಟರ್ ಜಾಗ, ಫ್ರಿಜ್, ಜಾಗದ ಬಾಡಿಗೆ ಕರಾರು ಅಥವಾ ಸ್ವಂತದ ಕಾಗದ, ಮತ್ತು ಅಂಗಡಿ ತೆರೆದಿರುವಷ್ಟು ಹೊತ್ತೂ ಇರುವ ರಿಜಿಸ್ಟರ್ಡ್ ಫಾರ್ಮಸಿಸ್ಟ್. ಅರ್ಜಿ ಔಷಧ ನಿಯಂತ್ರಣ ನೋಡಿಕೊಳ್ಳುವ ರಾಜ್ಯದ ಇಲಾಖೆಗೆ. ಇನ್‌ಸ್ಪೆಕ್ಟರ್ ಬಂದು ಜಾಗ ನೋಡುತ್ತಾರೆ. ಚಿಲ್ಲರೆ ಮಾರಾಟದ ಲೈಸೆನ್ಸ್ ಫಾರಂ 20 ಮತ್ತು 21ರಲ್ಲಿ ಬರುತ್ತದೆ, ಹೋಲ್‌ಸೇಲ್‌ಗೆ 20ಬಿ ಮತ್ತು 21ಬಿ. ಐದು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಉಳಿಸಿಕೊಳ್ಳಬೇಕು.

ಜಾಗ ಹುಡುಕುವಾಗ ಪಡುವಣದ ಬಿಸಿಲು ನೇರ ಕಪಾಟಿಗೆ ಬೀಳದ ಮಳಿಗೆ ನೋಡಿ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಸರಿ. ಬಿಸಿಲಿಗೆ ಔಷಧಿ ಕೆಡುತ್ತದೆ.

ಮೆಡಿಕಲ್ ಶಾಪ್‌ನಲ್ಲಿ ಭಾರಿ ಲಾಭ ಅಂತೆ, ನಿಜನಾ?

ಲೆಕ್ಕ ಹಾಕಿ ನೋಡೋಣ. ಬೆಲೆ ನಿಯಂತ್ರಣದಲ್ಲಿರುವ ಔಷಧಿಗಳಿಗೆ ಅಂಗಡಿಯವರಿಗೆ 16 ಪರ್ಸೆಂಟ್ ಮಾರ್ಜಿನ್ ಎಂದು 2013ರ ಬೆಲೆ ನಿಯಂತ್ರಣ ಆದೇಶದಲ್ಲೇ ಇದೆ. ಉಳಿದವಕ್ಕೆ ವ್ಯಾಪಾರದ ರೂಢಿಯಲ್ಲಿ 20ರ ಆಸುಪಾಸು. ಸರಾಸರಿ 18 ಎಂದೇ ಇಟ್ಟುಕೊಳ್ಳಿ. ದಿನಕ್ಕೆ 8,000 ರೂಪಾಯಿ ವ್ಯಾಪಾರವಾದರೆ ಕೈಗೆ 1,440. ಇದರಲ್ಲಿ ಬಾಡಿಗೆ, ಹುಡುಗನ ಸಂಬಳ, ಕರೆಂಟ್, ವಾಪಸ್ ತಗೊಳ್ಳದ ಎಕ್ಸ್‌ಪೈರಿ ಮಾಲು ಎಲ್ಲ ಕಳೆಯಬೇಕು. ಪಕ್ಕದಲ್ಲಿ ದೊಡ್ಡ ಅಂಗಡಿ ಬಂದು ನೀವೂ 10 ಪರ್ಸೆಂಟ್ ಡಿಸ್ಕೌಂಟ್ ಕೊಡಲು ಹೊರಟರೆ ಆ 1,440 ಹೋಗಿ 640 ಆಗುತ್ತದೆ.

ಮರ್ಯಾದೆಯಾಗಿ ಬದುಕಬಹುದು. ಬೇಗ ದುಡ್ಡು ಮಾಡಬೇಕು ಎನ್ನುವವರಿಗೆ ಇದು ಜಾಗ ಅಲ್ಲ. ಸಂಬಳಕ್ಕೆ ಸೇರುವವರಿಗೂ ಮೊದಲ ಕೆಲವು ವರ್ಷ ಕೈಗೆ ಬರುವುದು ಕಮ್ಮಿ. ಅದು ನಮ್ಮ ವೃತ್ತಿಯ ದೊಡ್ಡ ನೋವು. ಓದಿದ ಕೈಗೆ ಓದಿಲ್ಲದವರಷ್ಟೇ ಕೊಡುವ ಅಂಗಡಿಗಳಿವೆ. ರಿಜಿಸ್ಟರ್ಡ್ ಎಂದು ಹೇಳಿ, ನಿಮ್ಮ ಬೆಲೆ ಕೇಳಿ ತಗೊಳ್ಳಿ.

ಕೆಲಸಕ್ಕೆ ಬರೋದು ಬೇಡ, ಸರ್ಟಿಫಿಕೇಟ್ ಗೋಡೆಗೆ ಹಾಕೋಕೆ ಕೊಟ್ರೆ ತಿಂಗಳು ತಿಂಗಳು ದುಡ್ಡು ಕೊಡ್ತೀವಿ ಅಂತಿದ್ದಾರೆ. ಕೊಡಬಹುದಾ?

ಕೊಡಬೇಡಿ. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಕೇಳುವವರು ಹೆಚ್ಚಾಗಿ ಕಷ್ಟದಲ್ಲಿರುವ ಮಕ್ಕಳೇ.

ರಿಜಿಸ್ಟರ್ಡ್ ಫಾರ್ಮಸಿಸ್ಟ್ ಅಲ್ಲದವರು ಚೀಟಿಗೆ ಔಷಧಿ ಕೊಡಬಾರದು ಎಂದು ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಹೇಳುತ್ತದೆ. ಮೀರಿದರೆ ಜೈಲು, ದಂಡ ಎರಡೂ ಇದೆ. ಸರ್ಟಿಫಿಕೇಟ್ ಬಾಡಿಗೆಗೆ ಕೊಟ್ಟದ್ದು ಗೊತ್ತಾದರೆ ಕೌನ್ಸಿಲ್ ನಿಮ್ಮ ಹೆಸರನ್ನೇ ರಿಜಿಸ್ಟರ್‌ನಿಂದ ತೆಗೆಯಬಹುದು. ಅದಕ್ಕಿಂತ ಮುಖ್ಯವಾದ್ದು ಇದು: ಆ ಗೋಡೆಯ ಮೇಲಿರುವುದು ನಿಮ್ಮ ಹೆಸರು. ಅದನ್ನು ನೋಡಿ ಒಬ್ಬ ತಾಯಿ ಮಗುವಿನ ಔಷಧಿ ತಗೊಳ್ಳುತ್ತಾಳೆ. ಡ್ರಾಪ್ಸ್ ಯಾವುದು, ಸಿರಪ್ ಯಾವುದು ಎಂದು ಅಲ್ಲಿ ನೋಡುವವರು ನೀವಿಲ್ಲ. ಹೀಗೆ ಬಾಡಿಗೆಗೆ ಕೊಡುವುದರಿಂದಲೇ ನಮ್ಮೆಲ್ಲರ ಸಂಬಳವೂ ಕೆಳಗೆ ಕೂತಿದೆ. ಸರ್ಟಿಫಿಕೇಟ್ ಅಗ್ಗಕ್ಕೆ ಸಿಕ್ಕರೆ ಮನುಷ್ಯರಿಗೆ ಯಾರು ಸಂಬಳ ಕೊಡುತ್ತಾರೆ?

ಅಂಗಡಿ ಬಿಟ್ಟು ಬೇರೆ ಏನಿದೆ? ಸರ್ಕಾರಿ ಕೆಲಸ ಸಿಗುತ್ತಾ?

ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಜಿಲ್ಲಾ ಆಸ್ಪತ್ರೆ ತನಕ ಹುದ್ದೆಗಳಿವೆ. ಇಎಸ್‌ಐ, ರೈಲ್ವೆ ಆಸ್ಪತ್ರೆಗಳಲ್ಲೂ ಇವೆ. ನೇಮಕಾತಿ ಪ್ರತಿ ವರ್ಷ ಬರುವುದಿಲ್ಲ, ಬಂದಾಗ ಸ್ಪರ್ಧೆ ಜೋರಾಗಿರುತ್ತದೆ. ಅದನ್ನೇ ಕಾಯುತ್ತ ಮನೆಯಲ್ಲಿ ಕೂರಬೇಡಿ, ಕೆಲಸ ಮಾಡುತ್ತಲೇ ಓದಿ. ಬಿ.ಫಾರ್ಮ್ ಆದವರಿಗೆ ಕಂಪನಿಗಳ ಕೆಲಸ, ಬೆಂಗಳೂರಿನ ಕ್ಲಿನಿಕಲ್ ರಿಸರ್ಚ್ ಸಂಸ್ಥೆಗಳು ಇವೆ. ಎಂ.ಫಾರ್ಮ್‌ಗೆ ಜಿಪ್ಯಾಟ್ ಬರೆದು ಹೋದವರು ಕಾಲೇಜಿನಲ್ಲಿ ಪಾಠ ಹೇಳಬಹುದು.

ಗಲ್ಫ್‌ಗೋ ಅಮೆರಿಕಕ್ಕೋ ಹೋಗೋಕೆ ನಮ್ಮ ಡಿಗ್ರಿ ನಡೆಯುತ್ತಾ?

ಎಲ್ಲೂ ನೇರ ನಡೆಯುವುದಿಲ್ಲ. ಮಂಗಳೂರು, ಉಡುಪಿ ಕಡೆಯಿಂದ ಗಲ್ಫ್‌ಗೆ ಹೋಗುವವರು ಬಹಳ. ಅಲ್ಲಿಗೆ ನಿಮ್ಮ ಸರ್ಟಿಫಿಕೇಟ್‌ಗಳ ಪರಿಶೀಲನೆ ಡೇಟಾಫ್ಲೋ ಎಂಬ ಸಂಸ್ಥೆಯ ಮೂಲಕ ಆಗಬೇಕು, ಆಮೇಲೆ ಆ ದೇಶದ ಲೈಸೆನ್ಸ್ ಪರೀಕ್ಷೆ. ಕೆಲಸದ ಅನುಭವ ಪತ್ರವನ್ನೂ ಕೇಳುತ್ತಾರೆ, ಅದಕ್ಕೇ ಮಾಡಿದ ಕಡೆಯಲ್ಲೆಲ್ಲ ಪತ್ರ ತೆಗೆದಿಟ್ಟುಕೊಳ್ಳಿ. ಅಮೆರಿಕದಲ್ಲಿ 2003ರಿಂದ ಈಚೆ ಓದಿದವರಿಗೆ ಕಮ್ಮಿ ಅಂದರೆ ಐದು ವರ್ಷದ ಕೋರ್ಸ್ ಆಗಿರಬೇಕು. ನಮ್ಮ ನಾಲ್ಕು ವರ್ಷದ ಬಿ.ಫಾರ್ಮ್ ಅಲ್ಲಿ ಸಾಲದು, ಫಾರ್ಮ್.ಡಿ ಆದವರು ಪ್ರಯತ್ನಿಸಬಹುದು. ಈ ಒಂದು ವಿಷಯ ಕೋರ್ಸ್ ಆರಿಸುವಾಗ ಗೊತ್ತಿಲ್ಲದೆ ಆಮೇಲೆ ಅತ್ತವರನ್ನು ಬಲ್ಲೆ.

ಔಷಧಿಯಿಂದ ಯಾರಿಗಾದ್ರೂ ಅಲರ್ಜಿ ಆದ್ರೆ ನಾವು, ಅಂಗಡಿಯವರು, ಏನು ಮಾಡಬಹುದು?

ಉಸಿರಾಟಕ್ಕೆ ತೊಂದರೆ, ಮುಖ ತುಟಿ ಊದಿಕೊಂಡಿದ್ದರೆ ಮಾತಾಡುತ್ತ ನಿಲ್ಲಬೇಡಿ, ತಕ್ಷಣ ಆಸ್ಪತ್ರೆಗೆ ಕಳಿಸಿ. ಉಳಿದಂತೆ, ಔಷಧಿಯ ಅಡ್ಡ ಪರಿಣಾಮವನ್ನು ವರದಿ ಮಾಡಲು ದೇಶದಲ್ಲಿ ಒಂದು ವ್ಯವಸ್ಥೆಯೇ ಇದೆ. 2010ರಲ್ಲಿ ಶುರುವಾಯಿತು. ಡಾಕ್ಟರೇ ಆಗಬೇಕಿಲ್ಲ, ಫಾರ್ಮಸಿಸ್ಟೂ ಮಾಡಬಹುದು. ಸಹಾಯವಾಣಿ 1800-180-3024, ಕರೆಗೆ ದುಡ್ಡಿಲ್ಲ. ರೋಗಿಯ ಹೆಸರಿನ ಮೊದಲಕ್ಷರ, ವಯಸ್ಸು, ಯಾವ ಔಷಧಿ, ಏನಾಯಿತು, ಆ ತೊಂದರೆ ಯಾವತ್ತು ಶುರುವಾಯಿತು, ವರದಿ ಮಾಡುವವರು ಯಾರು: ಇಷ್ಟಿದ್ದರೆ ಸಾಕು. ಬ್ಯಾಚ್ ನಂಬರ್ ಇದ್ದರೆ ಇನ್ನೂ ಒಳ್ಳೆಯದು. ಖಚಿತವಾಗಿ ಈ ಔಷಧಿಯಿಂದಲೇ ಎಂದು ನೀವು ಸಾಬೀತು ಮಾಡಬೇಕಿಲ್ಲ, ಅನುಮಾನ ಸಾಕು.

ನಾನು ಕಳಿಸಿದ ಮೊದಲ ವರದಿ ಒಬ್ಬ ಹೈಸ್ಕೂಲ್ ಹುಡುಗನದ್ದು. ಸಲ್ಫಾ ಇರುವ ಮಾತ್ರೆ ತಗೊಂಡ ಮೇಲೆ ಎದೆ, ಬೆನ್ನು ತುಂಬ ಕೆಂಪು ದದ್ದು ಎದ್ದಿತ್ತು. ಮಾತ್ರೆ ನಿಲ್ಲಿಸಿ ಡಾಕ್ಟರ ಹತ್ತಿರ ಕಳಿಸಿದೆ, ಮೂರು ದಿನಕ್ಕೆ ಇಳಿಯಿತು. ಮತ್ತೆ ಅಂಗಡಿಗೆ ಬಂದಾಗ ದಪ್ಪ ಕಾರ್ಡಿನ ಮೇಲೆ ಆ ಔಷಧಿಯ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಅವರಮ್ಮನ ಕೈಗೆ ಕೊಟ್ಟೆ. "ಇನ್ನು ಯಾವ ಡಾಕ್ಟರ ಹತ್ತಿರ ಹೋದ್ರೂ ಚೀಟಿ ಬರೆಯೋ ಮುಂಚೆ ಇದನ್ನ ತೋರಿಸಿ" ಎಂದೆ. ಅವರು ಅದನ್ನು ರೇಷನ್ ಕಾರ್ಡಿನ ಕವರ್ ಒಳಗೆ ಸೇರಿಸಿಟ್ಟುಕೊಂಡರು.